ಶೀಟಿನ ಮನೆಗೆ ತಾರಸಿ ಕಂದಾಯ

ಹಾಸ್ಟೆಲ್ಲಿನ ಗೆಳೆಯರೇ,

ಈ ಸಲ ರಜೆಗೆ ಹೋದಾಗ ಅಪ್ಪನ ಟ್ರಂಕಿನಲ್ಲಿರೋ ಕಂದಾಯದ ನೋಟೀಸು ತೆಗೆದು ಓದಿ. ನಮ್ಮ ಕೇರಿಯಲ್ಲಿ ಓದಿದಾಗಲೇ ಗೊತ್ತಾದದ್ದು: ಶೀಟಿನ ಮನೆಯನ್ನು ಪುರಸಭೆಯೋರು ತಾರಸಿ ಮನೆ ಅಂತ ಬರಕೊಂಡಿದ್ದರು. ‘ಸಾಹೇಬ್ರು ಬರೆದದ್ದು, ಕಟ್ಟಿಬಿಡು ಮಗಾ’ ಅಂದ ಅಪ್ಪ.

ಯಾಕೆ ಕಟ್ಟಬೇಕು? ನಾವು ಕಂದಾಯ ಬೇಡ ಅನ್ನೋರಲ್ಲ, ಸುಳ್ಳು ಕಂದಾಯ ಬೇಡ ಅನ್ನೋರು. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಅನ್ನುತ್ತೆ ಸಂವಿಧಾನದ 265ನೇ ವಿಧಿ.

ಪುರಸಭೆ ಬರೆದದ್ದು ಹಣೆಬರಹ ಅಲ್ಲ. 1924ರಲ್ಲಿ ಮಹಾಡ್ ಪುರಸಭೆ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆಯಿತು, ಬರೀ ಕಾಗದದಲ್ಲಿ. 1927ರಲ್ಲಿ ಬಾಬಾಸಾಹೇಬರು ಆ ನೀರು ಕುಡಿದ ಮೇಲೆ ಅದೇ ಪುರಸಭೆ ಠರಾವು ರದ್ದು ಮಾಡಿತು. ಸವರ್ಣರು ಕೋರ್ಟಿಗೆಳೆದರು. ಬಾಬಾಸಾಹೇಬರು ಬಿಡಲಿಲ್ಲ, 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಗೆದ್ದರು.

ಮನೆ ಅಳೆಯಿರಿ. ಪುರಸಭೆಯ ಲೆಕ್ಕದ ನಕಲನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅದಕ್ಕೆ ಕಾಯುತ್ತಾ ಕೂರಬೇಡಿ; ನೋಟೀಸಿನ ಗಡುವಿನೊಳಗೇ ತಕರಾರು ಅರ್ಜಿ ಕೊಟ್ಟು, ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಮೇಲ್ಮನವಿ. ಬಾಯಿಮಾತಿನ ಗೋಳು ಕಛೇರಿಗೆ ಕೇಳಿಸಲ್ಲ.

ಕೇರಿಗೆ ಒಂದು ಅರ್ಜಿ ಬರೆಯದ ನಮ್ಮ ಓದು ಯಾರ ಉದ್ಧಾರಕ್ಕೆ?

ಜೈ ಭೀಮ್.