ಏಳನೆಯ ದಿನದ ಬಿಡುವು

ಭಾನುವಾರ ಬಂತೆಂದರೆ ನಮ್ಮಲ್ಲಿ ಬಹುಮಂದಿಗೆ ಕಚೇರಿಯಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ವಾರಕ್ಕೊಂದು ದಿನ ಬಿಡುವೆಂಬ ಈ ಪದ್ಧತಿಯ ಬೇರನ್ನು ಅರಸುತ್ತ ಹೋದರೆ ನಾವು ಸೇರುವುದು ಬೈಬಲಿನ ಮೊದಲ ಪುಟಗಳಿಗೆ. ನೆರೆಹೊರೆಯ ಕ್ರೈಸ್ತ ಬಂಧುಗಳ ಸೃಷ್ಟಿಕಥೆಯನ್ನು ಅರಿತುಕೊಳ್ಳಲು ಇದೇ ಸುಲಭವಾದ ಬಾಗಿಲು.

ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ‘ಆದಿಕಾಂಡ’ದಲ್ಲಿ ಸೃಷ್ಟಿಯ ವೃತ್ತಾಂತ ಒಂದಲ್ಲ, ಎರಡಿವೆ. ಮೊದಲನೆಯದರಲ್ಲಿ ದೇವರು ಬರಿಯ ಮಾತಿನಿಂದಲೇ ಆರು ದಿನಗಳಲ್ಲಿ ಬೆಳಕು, ಆಕಾಶ, ನೆಲ, ಗಿಡಮರ, ಸೂರ್ಯಚಂದ್ರ, ಪ್ರಾಣಿಪಕ್ಷಿಗಳನ್ನು ಉಂಟುಮಾಡಿ, ಕಡೆಗೆ ಗಂಡನ್ನೂ ಹೆಣ್ಣನ್ನೂ ತನ್ನ ಸ್ವರೂಪದಲ್ಲಿ ಸೃಜಿಸಿ, ಏಳನೆಯ ದಿನ ವಿಶ್ರಮಿಸುತ್ತಾನೆ. ಎರಡನೆಯದರಲ್ಲಿ ಆತನು ಕುಂಬಾರನಂತೆ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಮೂಗಿನಲ್ಲಿ ಉಸಿರೂದಿ, ಏದೆನ್ ತೋಟವನ್ನು ಕಾಯಲು ಇರಿಸುತ್ತಾನೆ. ಹೀಬ್ರೂ ಭಾಷೆಯಲ್ಲಿ ‘ಆದಾಮ್’ ಎಂದರೆ ಮನುಷ್ಯ, ‘ಅದಾಮಾ’ ಎಂದರೆ ಮಣ್ಣು.

ಇದನ್ನು ಅಕ್ಷರಶಃ ನಂಬಿ ಎಣಿಸಿದವರುಂಟು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ, ಜಗತ್ತು ಹುಟ್ಟಿದ್ದು ಕ್ರಿ. ಪೂ. 4004ರಲ್ಲಿ ಎಂದು ಲೆಕ್ಕ ಹಾಕಿದರು. ಆದರೆ ಅವರಿಗಿಂತ 1200 ವರ್ಷ ಹಿಂದೆಯೇ ಸಂತ ಅಗಸ್ಟೀನರು, ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದಿದ್ದರು. ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸೆಂದು ವಿಜ್ಞಾನ ಹೇಳುತ್ತದೆ. ವಿಶ್ವವೆಲ್ಲ ಒಂದು ‘ಆದಿಮ ಅಣು’ವಿನಿಂದ ಹೊಮ್ಮಿತೆಂದು 1931ರಲ್ಲಿ ಸೂಚಿಸಿದ ಜಾರ್ಜ್ ಲಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ.

ಹಾಗಾದರೆ ಕಥೆಯ ತಿರುಳೇನು ಎಂದು ವಾಚಕರು ಕೇಳಬಹುದು. ಪ್ರಾಚೀನ ಬ್ಯಾಬಿಲೋನಿನ ಕಥೆಗಳಲ್ಲಿ ದೇವತೆಗಳು ಮನುಷ್ಯರನ್ನು ಮಾಡಿದ್ದು ತಮ್ಮ ದುಡಿಮೆಯ ಹೊರೆಯನ್ನು ಇಳಿಸಿಕೊಳ್ಳುವುದಕ್ಕೆ. ಆ ಕಾಲದಲ್ಲಿ ದೇವರ ಪ್ರತಿರೂಪವೆಂಬ ಬಿರುದು ಅರಸರಿಗೆ ಸಲ್ಲುತ್ತಿತ್ತು. ಆದಿಕಾಂಡ ಆ ಬಿರುದನ್ನು ಪ್ರತಿಯೊಬ್ಬ ಗಂಡಿಗೂ ಹೆಣ್ಣಿಗೂ ಕೊಟ್ಟಿತು. ನಾಲ್ಕನೆಯ ಶತಮಾನದಲ್ಲಿ ನಿಸ್ಸಾದ ಬಿಷಪ್ ಗ್ರೆಗೊರಿ ಇದನ್ನೇ ಹಿಡಿದು, ದೇವರ ಸ್ವರೂಪಕ್ಕೆ ಬೆಲೆ ಕಟ್ಟುವವರಾರು ಎಂಬರ್ಥದಲ್ಲಿ ಗುಲಾಮರ ಒಡೆಯರನ್ನು ಪ್ರಶ್ನಿಸಿದರು. ಕ್ರೈಸ್ತ ರಾಜ್ಯಗಳೇ ಶತಮಾನಗಳ ಕಾಲ ಆ ಮಾತಿಗೆ ಕಿವಿಗೊಡಲಿಲ್ಲವೆಂಬುದೂ ಚರಿತ್ರೆಯೇ.

ಬಿಡುವಿನ ವಿಷಯವೂ ಹೀಗೆಯೇ. ಹತ್ತು ಆಜ್ಞೆಗಳ ಪ್ರಕಾರ ಏಳನೆಯ ದಿನದ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ. ದಾಸದಾಸಿಯರಿಗೆ, ದನಕರುಗಳಿಗೆ, ಪರಸ್ಥಳದಿಂದ ಬಂದವರಿಗೂ ಉಂಟು. ಯೆಹೂದ್ಯರಿಗೆ ಆ ದಿನ ಶನಿವಾರ. ಕ್ರೈಸ್ತರು ಯೇಸುವಿನ ಪುನರುತ್ಥಾನದ ದಿನವಾದ ಭಾನುವಾರವನ್ನು ಆರಿಸಿಕೊಂಡರು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಭಾನುವಾರ ನಾವು ತಡವಾಗಿ ಏಳುತ್ತೇವೆ, ನೆಂಟರಿಷ್ಟರನ್ನು ಊಟಕ್ಕೆ ಕರೆಯುತ್ತೇವೆ. ಪಾತ್ರೆಗಳ ರಾಶಿ ಎರಡರಷ್ಟಾಗುತ್ತದೆ. ಅವನ್ನು ತೊಳೆಯಲು ಬರುವ ಕೆಲಸದಾಕೆಗೆ ಏಳನೆಯ ದಿನ ಯಾವುದು? ಜಗತ್ತು ಹುಟ್ಟಿದ ಬಗೆಯ ವಾದದಲ್ಲಿ ನಾವು ಯಾವ ಪಕ್ಷದವರೇ ಆಗಿರಲಿ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ. ಸಂಬಳ ಮುರಿಯದೆ ವಾರಕ್ಕೊಂದು ದಿನ ಆಕೆಗೂ ಬಿಡುವಿರಲಿ. ಆ ದಿನದ ಪಾತ್ರೆಗಳನ್ನು ಮನೆಮಂದಿಯೆಲ್ಲ ಸೇರಿ ತೊಳೆದರಾಯಿತು.