ನೋವು ಮೊಣಕಾಲಿನಾಗ, ರೋಗ ಕೊಡದಾಗ

ಮೊನ್ನೆ ಕೊಪ್ಪಳ ಬಸ್ ನಿಲ್ದಾಣದಲ್ಲಿ ಯಲಬುರ್ಗಾ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಬಸ್ಸು ಬಂತು. ಪಕ್ಕದಲ್ಲಿದ್ದ ಯಜಮಾನರೊಬ್ಬರು ಏಳಲು ಹೋದರು, ಆಗಲಿಲ್ಲ. ಒಂದು ಕೈ ಕಟ್ಟೆಗೆ, ಇನ್ನೊಂದು ನನ್ನ ಹೆಗಲಿಗೆ. ವಯಸ್ಸು ಕೇಳಿದರೆ ಐವತ್ತೆರಡು! ಸೀಟು ಸಿಕ್ಕ ಮೇಲೆ ಜೇಬಿನಿಂದ ಗುಳಿಗೆ ತೆಗೆದು ಬಾಯಿಗೆ ಒಗೆದುಕೊಂಡರು.

"ಯಾವ ಡಾಕ್ಟರ್ ಕೊಟ್ಟಾರ್ರಿ?"

"ಡಾಕ್ಟರ್ ಯಾಕ್ರಿ? ನಮ್ಮೂರ ಕಿರಾಣಿ ಅಂಗಡ್ಯಾಗ ಸಿಗತಾವ. ದಿನಾ ಎರಡು. ಮೂರು ವರ್ಷ ಆತು."

ಇಂಥ ಯಜಮಾನರು ಒಬ್ಬರಲ್ಲ, ಇಬ್ಬರಲ್ಲ. ಯಲಬುರ್ಗಾ, ಕುಷ್ಟಗಿ ಕಡೆ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ ಕಂದು ಗೆರೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾಗಿ, ವರ್ಷಾನುಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಕುದಿಸಿದರೆ ಹೋಗುತ್ತದೆಂದು ತಿಳಿದವರಿದ್ದಾರೆ. ಕುದಿಸಿದರೆ ಇಂಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ನಮಗ ಎಡದಂಡೆ ನಾಲೆ ಐತಿ ಎಂದು ಗಂಗಾವತಿಯವರು ಮೀಸೆ ತಿರುವಬಹುದು. ನಾಲೆ ಮುಟ್ಟದ ಹಳ್ಳಿಗಳು ಆ ಕಡೆಯೂ ಅದಾವ.

ಇನ್ನು ಗುಳಿಗೆಯ ಮಾತು. ಮೈಗೆ ಸೇರಿದ ಫ್ಲೋರೈಡ್ ಒಂದಿಷ್ಟು ಎಲುಬಿಗೆ ಕೂಡುತ್ತದೆ, ಉಳಿದದ್ದು ಹೆಚ್ಚಾಗಿ ಕಿಡ್ನಿ ಮೂಲಕ ಹೊರಬೀಳುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಪೆಟ್ಟು ತಿನ್ನಬಹುದಾದದ್ದೂ ಅದೇ ಕಿಡ್ನಿ. ಕಸ ಹೊರಗ ಹಾಕೋ ಬಾಗಿಲಿಗೇ ಕೀಲಿ ಜಡಿದಂಗ ಆತು. ಇದೇ ಔಷಧ ಕೊಟ್ಟಿದ್ದ ದನದ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವೆಂದು 2004ರಲ್ಲಿ ಸಂಶೋಧಕರು ತೋರಿಸಿಕೊಟ್ಟರು; 2006ರಲ್ಲಿ ದನಗಳಿಗೆ ಇದನ್ನು ಕೊಡುವುದನ್ನು ಸರಕಾರ ನಿಲ್ಲಿಸಿತು. ಮನುಷ್ಯ ಹದ್ದಲ್ಲ, ಒಂದೆರಡು ಗುಳಿಗೆಗೆ ಸಾಯುವುದಿಲ್ಲ, ಒಪ್ಪಿದೆ. ಆದರೆ ಮನುಷ್ಯರಿಗೂ ಇದನ್ನು ಡಾಕ್ಟರ ಚೀಟಿ ಇಲ್ಲದೆ ಮಾರಕೂಡದೆಂದು ಕಾನೂನೇ ಇದೆ. ಬೀಡಿ, ಬೆಂಕಿಪೊಟ್ಟಣದ ಪಕ್ಕ ತೂಗುಹಾಕಿದ ಸಾಹುಕಾರ್ರಿಗೆ ಇದು ಗೊತ್ತಿಲ್ಲವೇ? ಒಂದು ಪಟ್ಟಿಯಲ್ಲಿ ಉಳಿಯುವ ಲಾಭವೆಷ್ಟು?

ಈ ನಡುವೆ ಮೊಬೈಲಿನಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿದೆ: ಹುಣಸೆಹುಳಿ ತಿಂದರೆ ಫ್ಲೋರೈಡ್ ಮಾಯ! ಪೂರಾ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಗಂಡುಮಕ್ಕಳಿಗೆ ದಿನಕ್ಕೆ 10 ಗ್ರಾಂ ಹುಣಸೆಯಂತೆ 18 ದಿನ ಕೊಟ್ಟು ನೋಡಿದರು. ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಬಿತ್ತು. 2002ರಲ್ಲಿ ವರದಿ ಬಂತು. ಆದರೆ ಅದು ಹದಿನೆಂಟು ದಿನದ ಲೆಕ್ಕ. ಬಿಗಿದ ಮೊಣಕಾಲು ಸಡಿಲಾಯಿತೆಂದು ಅವರು ಬರೆದಿಲ್ಲ. ಸಾರು ಹುಳಿಯಾಗಿದ್ದರೆ ಒಳ್ಳೆಯದೇ, ಉಣ್ಣಿರಿ. ಹಾಲು, ಮಜ್ಜಿಗೆಯ ಸುಣ್ಣದ ಅಂಶವೂ ಬೇಕು. ಕೊಡದಲ್ಲಿ ಅದೇ ಬೋರಿನ ನೀರಿದ್ದರೆ ಎಷ್ಟು ಹುಳಿ ಹಿಂಡಿದರೇನು?

ಹಾಗಾದರೆ ಕೊಡಕ್ಕೆ ಏನು ಮಾಡಬೇಕು? ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಕೂಡಿಸಿದ್ದಾರೆ, ಉದ್ಘಾಟನೆಯ ಕಲ್ಲೂ ನೆಟ್ಟಿದ್ದಾರೆ. ಯಾವ ಘಟಕ ನಡೆದಿದೆ, ಯಾವುದು ನಿಂತಿದೆ, ಯಾವ ಬೋರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಪ್ರತಿ ಪಂಚಾಯಿತಿ ತನ್ನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಲಿ. ಸುಣ್ಣ, ಬಣ್ಣಕ್ಕೆ ಎಷ್ಟು ಮಹಾ ಖರ್ಚು? ಗೋಡೆ ಖಾಲಿ ಇದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ಕೀಲು ಬಿಗಿದವರು ಪಟ್ಟಿ ಕೊಳ್ಳುವ ಬದಲು ಒಮ್ಮೆ ಸರಕಾರಿ ದವಾಖಾನೆಗೆ ಹೋಗಿ, ನಮ್ಮದು ಬೋರಿನ ನೀರು ಎಂದು ಬಾಯಿಬಿಟ್ಟು ಹೇಳಬೇಕು. ಮೊಣಕಾಲಿನ ನೋವೆಲ್ಲ ಫ್ಲೋರೈಡಿನದೇ ಆಗಿರಬೇಕೆಂದಿಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು, ಕಿರಾಣಿ ಅಂಗಡಿಯವರಲ್ಲ.

ಇಳಿಯುವಾಗ ಯಜಮಾನರನ್ನು ಕೇಳಿದೆ: "ನಿಮ್ಮೂರಾಗ ನೀರಿನ ಘಟಕ ಐತೇನ್ರಿ?"

"ಐತ್ರಿ. ಮಷಿನ್ ಕೆಟ್ಟು ಮೂರು ವರ್ಷ ಆತು."