ಮೆಟ್ಟಿಲ ಕೆಳಗಿನ ಕ್ಯಾನು

ಪೆಟ್ರೋಲ್ ರೇಟು ಏರುತ್ತೆ ಅನ್ನೋ ಸುದ್ದಿ ಬಂದ್ರೆ ಸಾಕು, ಬಂಕಿನ ಮುಂದೆ ಬೈಕುಗಳ ಜೊತೆ ಕ್ಯಾನುಗಳದ್ದೂ ಸಾಲು. ಅಡುಗೆ ಎಣ್ಣೆ ಕ್ಯಾನು, ನೀರಿನ ಕ್ಯಾನು, ಯಾವುದಾದ್ರೂ ಸರಿ! ಲೀಟರಿಗೆ 2 ರೂಪಾಯಿ ಏರಿತು ಅಂತಲೇ ಇಟ್ಕೊಳ್ಳೋಣ. 20 ಲೀಟರಿಗೆ ಉಳಿಯೋದು 40 ರೂಪಾಯಿ. ಅಷ್ಟಕ್ಕೆ ಮನೆಮಂದಿಯನ್ನೆಲ್ಲ ಅಡವಿಡೋದು ಯಾವ ಲೆಕ್ಕ ಸ್ವಾಮಿ?

'ಮುಚ್ಚಳ ಬಿಗಿಯಾಗಿದೆ, ಏನೂ ಆಗಲ್ಲ' ಅಂತೀರಿ. ಪೆಟ್ರೋಲು ಮಂಜುಗಡ್ಡೆ ಕಟ್ಟೋ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ತೆವಳುತ್ತದೆ. ಮೆಟ್ಟಿಲ ಕೆಳಗಿಂದ ದೇವರ ದೀಪಕ್ಕೆ ಎಷ್ಟು ದೂರ? ಸ್ವಂತ ಬಳಕೆಯ ಪೆಟ್ರೋಲಿಗೆ 30 ಲೀಟರ್‌ವರೆಗೆ ಕಾನೂನು ಲೈಸೆನ್ಸ್ ಕೇಳಲ್ಲ, ನಿಜ. ಬೆಂಕಿ ಯಾವತ್ತು ಲೈಸೆನ್ಸ್ ಕೇಳಿದೆ?

ಹೋಗಲಿ, ಇಟ್ಟಿದ್ದಾದರೂ ಕೆಡದೆ ಇರುತ್ತಾ? ಈಗಿನ ಪೆಟ್ರೋಲಿನಲ್ಲಿ ಬೆರೆಸಿರೋ ಎಥನಾಲ್ ಗಾಳಿಯ ತೇವ ಹೀರುತ್ತೆ. ತೇವ ಹೆಚ್ಚಾದ್ರೆ ನೀರು, ಎಥನಾಲ್ ಎರಡೂ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಡೀಸೆಲ್ಲು ಅಷ್ಟು ಸುಲಭಕ್ಕೆ ಹೊತ್ತಲ್ಲ. ಆದ್ರೆ ತಳದಲ್ಲಿ ನೀರು ನಿಂತರೆ ಸೂಕ್ಷ್ಮಜೀವಿ ಬೆಳೆದು, ಲೋಳೆಯಾಗಿ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ಉಳಿಸಿದ 40 ರೂಪಾಯಿ ಮೆಕ್ಯಾನಿಕ್ ಪಾಲು, ಮೇಲಿಷ್ಟು ದಂಡ.

ಕರೆಂಟು ನಂಬಿ ಕೂರಲಾಗದೆ ಪಂಪ್‌ಸೆಟ್ಟಿಗೆ ಡೀಸೆಲ್ ತಂದಿಡೋ ರೈತರ ಮಾತು ಬೇರೆ. ಅವರೂ ಮನೆಯಿಂದ ದೂರ, ನೆರಳಲ್ಲಿ, ಅದಕ್ಕೆಂದೇ ಮಾಡಿದ ಡಬ್ಬದಲ್ಲಿಟ್ಟು, ಹಳೆಯದನ್ನು ಮೊದಲು ಬಳಸಲಿ. ನಮ್ಮಂಥ ಪೇಟೆಯವರಿಗೆ ಆ ನೆಪವೂ ಇಲ್ಲ. ಬೈಕಿನ ಟ್ಯಾಂಕ್ ತುಂಬಿತಾ? ಕ್ಯಾನು ಖಾಲಿಯಾಗೇ ಮನೆಗೆ ಬರಲಿ.